ಬೋರ್‌ವೆಲ್ ನೀರು ಕಡಿಮೆಯಾಯಿತೇ? ಹೊಸದು ಕೊರೆಸುವ ಮುಂಚೆ ಇಷ್ಟು ನೋಡಿ

ಮಾರ್ಚ್ ಬಂತೆಂದರೆ ಬಯಲುಸೀಮೆಯ ಊರುಗಳಲ್ಲಿ ಬೋರ್ ಲಾರಿಗಳ ಓಡಾಟ ಶುರುವಾಗುತ್ತದೆ. ಕೋಲಾರ, ಚಿಕ್ಕಬಳ್ಳಾಪುರದ ಕಡೆ ಸಾವಿರ ಅಡಿ ದಾಟುವುದು ಈಗ ಯಾರಿಗೂ ಹೊಸತಲ್ಲ. 2023ರ ಮುಂಗಾರು ಕೈಕೊಟ್ಟು ರಾಜ್ಯದ 236 ತಾಲ್ಲೂಕುಗಳ ಪೈಕಿ 223 ಬರಪೀಡಿತವೆಂದು ಘೋಷಣೆಯಾದ ಮೇಲೆ, ಮರುವರ್ಷದ ಬೇಸಿಗೆಯಲ್ಲಿ ಎಷ್ಟೋ ಮನೆಗಳಲ್ಲಿ ಒಡವೆ ಅಡವಿಟ್ಟ ದುಡ್ಡು ಹೀಗೆ ನೆಲದೊಳಗೆ ಹೋಯಿತು.

ನೀರು ಕಡಿಮೆ ಬಂದರೆ ಅಂತರ್ಜಲವೇ ಬತ್ತಿದೆ ಎಂದು ತೀರ್ಮಾನಿಸಬೇಡಿ. ಪೈಪಿನ ತೂತು, ಅದಲುಬದಲಾದ ಫೇಸ್, ಸವೆದ ಪಂಪು, ಕಟ್ಟಿಕೊಂಡ ಫಿಲ್ಟರ್ ಇವೆಲ್ಲವೂ ತೋಟದಲ್ಲಿ ನಿಂತವರಿಗೆ ಕಾಣುವುದು ಒಂದೇ ರೀತಿ: ಪೈಪಿನ ತುದಿಯಲ್ಲಿ ನೀರಿಲ್ಲ. ಖರ್ಚಿಲ್ಲದ ಪರೀಕ್ಷೆಗಳಿಂದ ಶುರುಮಾಡಿ ಒಂದೊಂದನ್ನೇ ತಳ್ಳಿಹಾಕುತ್ತಾ ಹೋದರೆ ನಿಜವಾದ ಕಾರಣ ಸಿಗುತ್ತದೆ. ಬೋರೇ ಬತ್ತಿದ್ದರೂ ಅದನ್ನು ಅಳೆದು ತಿಳಿದುಕೊಂಡಿರುತ್ತೀರಿ. ಆಗ ಮುಂದಿನ ಖರ್ಚು ಕುರುಡು ಖರ್ಚಾಗುವುದಿಲ್ಲ.

ಕೈ ಹಾಕುವ ಮುಂಚೆ

ಪ್ಯಾನೆಲ್ ಬೋರ್ಡ್ ತೆಗೆಯುವ ಮುಂಚೆ ಮೇನ್ ಸ್ವಿಚ್ ಇಳಿಸಿ, ಫ್ಯೂಸ್ ಕ್ಯಾರಿಯರ್‌ಗಳನ್ನು ಕಿತ್ತು ಜೇಬಿಗೆ ಹಾಕಿಕೊಳ್ಳಿ. ಆಟೋ ಸ್ಟಾರ್ಟರ್ ಇದ್ದರಂತೂ ಕರೆಂಟ್ ಬಂದ ಕೂಡಲೇ ಮೋಟರ್ ತಾನಾಗಿ ಹೊರಡುತ್ತದೆ, ಕೈ ಒಳಗಿದ್ದರೆ ಮುಗಿಯಿತು. ಒದ್ದೆ ಕೈ, ಬರಿಗಾಲು ಬೇಡವೇ ಬೇಡ. ಪೆಟ್ಟಿಗೆ ಮುಟ್ಟಿದರೆ ಸಣ್ಣಗೆ ಜುಮ್ಮೆನ್ನುತ್ತಿದ್ದರೆ ಅದನ್ನು ಸಹಿಸಿಕೊಂಡು ಕೆಲಸ ಮುಂದುವರಿಸಬೇಡಿ. ಅರ್ಥಿಂಗ್ ಹೋಗಿದೆ ಎಂದೇ ತಿಳಿದು ಎಲೆಕ್ಟ್ರಿಷಿಯನ್‌ನನ್ನು ಕರೆಸಿ. ಟಿಸಿಯ (ಟ್ರಾನ್ಸ್‌ಫಾರ್ಮರ್) ಮೇಲಿನ ಫ್ಯೂಸ್ ಹಾಕುವುದು ಲೈನ್‌ಮನ್ ಕೆಲಸ, ಎಷ್ಟೇ ಅವಸರವಿದ್ದರೂ ನೀವು ಹತ್ತಬಾರದು. ದೂರಿಗೆ ವಿದ್ಯುತ್ ಸಹಾಯವಾಣಿ 1912 ಇದೆ.

ಎಲ್ಲಕ್ಕೂ ಮೊದಲು ಅಳತೆ

"ನೀರು ಸ್ವಲ್ಪ ಕಮ್ಮಿಯಾಗಿದೆ" ಎಂಬ ಅಂದಾಜು ಸಾಲದು. ಬೋರ್ ಕೊರೆಯುವಾಗ ವಿ ಆಕಾರದ ತಗಡಿಟ್ಟು ಹೇಳುವ ಇಂಚಿನ ಲೆಕ್ಕ ಬಹಳ ಜನರನ್ನು ದಾರಿ ತಪ್ಪಿಸುತ್ತದೆ. ಎರಡು ಇಂಚು ನೀರು ಒಂದು ಇಂಚಿನ ಎರಡರಷ್ಟಲ್ಲ, ಐದೂವರೆ ಪಟ್ಟಿಗೂ ಹೆಚ್ಚು. ಹಾಗಾಗಿ ಎರಡೂವರೆ ಇಂಚು ಎರಡಕ್ಕೆ ಇಳಿದರೆ "ಅರ್ಧ ಇಂಚು ತಾನೇ" ಎನ್ನುವ ಹಾಗಿಲ್ಲ, ನೂರಕ್ಕೆ ನಲವತ್ತರಷ್ಟು ನೀರು ಹೋಗಿರುತ್ತದೆ.

ಇದಕ್ಕಿಂತ ಡ್ರಮ್ಮಿನ ಲೆಕ್ಕ ನಂಬಿಕಸ್ಥ. 200 ಲೀಟರ್ ಡ್ರಮ್ ಇಟ್ಟು, ಮೊಬೈಲ್‌ನಲ್ಲಿ ಸಮಯ ನೋಡಿ. ಎರಡೂವರೆ ಇಂಚು ನೀರಿಗೆ ಡ್ರಮ್ ತುಂಬಲು ಸುಮಾರು 2 ನಿಮಿಷ 20 ಸೆಕೆಂಡ್ ಬೇಕು, ಎರಡು ಇಂಚಿಗೆ ಸುಮಾರು 4 ನಿಮಿಷ, ಒಂದು ಇಂಚಿಗೆ 23 ನಿಮಿಷ. ಮೋಟರ್ ಹಾಕಿದ ಕೂಡಲೇ ಒಮ್ಮೆ, ಅರ್ಧ ಗಂಟೆಗೆ, ಒಂದು ಗಂಟೆಗೆ, ಎರಡು ಗಂಟೆಗೆ ಒಮ್ಮೊಮ್ಮೆ ಅಳೆದು ಬರೆದಿಡಿ. ಮುಂದಿನ ಅರ್ಧದಷ್ಟು ಪ್ರಶ್ನೆಗಳಿಗೆ ಉತ್ತರ ಈ ನಾಲ್ಕು ಅಂಕಿಗಳಲ್ಲಿದೆ. ಶುರುವಿನಿಂದಲೇ ಕಡಿಮೆಯಿದ್ದು ಕೊನೆಯವರೆಗೂ ಅಷ್ಟೇ ಬಂದರೆ ಅನುಮಾನ ಪಂಪು, ಪೈಪಿನ ಮೇಲೆ. ಶುರುವಿನಲ್ಲಿ ಜೋರಾಗಿದ್ದು ಆಮೇಲೆ ಸೊರಗಿದರೆ ಅನುಮಾನ ನೀರಿನ ಮಟ್ಟದ ಮೇಲೆ.

ಲಕ್ಷಣ: ಮೋಟರ್ ಹೊರಡುವುದೇ ಇಲ್ಲ, ಅಥವಾ ಪದೇಪದೇ ಟ್ರಿಪ್ ಆಗುತ್ತದೆ

ಇದಕ್ಕೂ ಬರಕ್ಕೂ ಸಾಮಾನ್ಯವಾಗಿ ಸಂಬಂಧವಿಲ್ಲ. ಬೋರ್ಡಿನ ವೋಲ್ಟ್ ಮೀಟರ್ ನೋಡಿ. ಮೂರು ಫೇಸ್‌ಗಳ ನಡುವೆ 415ರ ಆಸುಪಾಸು ಇರಬೇಕು. 350ಕ್ಕಿಂತ ಕೆಳಗಿದ್ದರೆ ಸ್ಟಾರ್ಟ್ ಮಾಡಬೇಡಿ, ಕಾದು ನೋಡಿ. ಒಂದು ಫೇಸ್ ಇಲ್ಲದಿದ್ದರೆ ಮೋಟರ್ ಗುಂಯ್ ಎನ್ನುತ್ತದೆ, ತಿರುಗುವುದಿಲ್ಲ. ಫ್ಯೂಸ್ ಹೋಗಿದೆಯೇ, ಸ್ಟಾರ್ಟರ್ ಪಾಯಿಂಟುಗಳು ಕಪ್ಪಾಗಿ ಸುಟ್ಟಿವೆಯೇ, ಇರುವೆ ಅಥವಾ ಹಲ್ಲಿ ಸಿಕ್ಕಿಕೊಂಡಿದೆಯೇ ನೋಡಿ. ಬೇಸಿಗೆಯಲ್ಲಿ ಇದು ತೀರಾ ಸಾಮಾನ್ಯ.

ಮೂರು ಫೇಸ್ ಕರೆಂಟ್ ಬಂದ ಕ್ಷಣದಲ್ಲೇ ವೋಲ್ಟೇಜ್ ಕುಸಿದು, ಅರ್ಧ ಗಂಟೆಯ ಮೇಲೆ ಸರಿಯಾಗುತ್ತಿದ್ದರೆ ಕಾರಣ ನಿಮ್ಮ ಮೋಟರ್ ಅಲ್ಲ. ಒಂದೇ ಲೈನಿನ ಆಟೋ ಸ್ಟಾರ್ಟರ್‌ಗಳೆಲ್ಲ ಒಟ್ಟಿಗೆ ಹೊರಡುವುದರಿಂದ ಹೀಗಾಗುತ್ತದೆ. ಅಕ್ಕಪಕ್ಕದವರು ಮಾತಾಡಿಕೊಂಡು ಟೈಮರ್‌ಗಳನ್ನು ಐದೈದು ನಿಮಿಷ ಹಿಂದುಮುಂದು ಮಾಡಿಟ್ಟುಕೊಂಡರೆ ಎಲ್ಲರ ಮೋಟರ್‌ಗೂ ಒಳ್ಳೆಯದು. ರಾತ್ರಿ ಸಿಂಗಲ್ ಫೇಸ್‌ನಲ್ಲಿ ಕಂಡೆನ್ಸರ್ ಕಟ್ಟಿ ಓಡಿಸುವ ರೂಢಿಯನ್ನು ದಯವಿಟ್ಟು ಬಿಡಿ, ವೈಂಡಿಂಗ್ ಸುಡುವುದಕ್ಕೆ ಇದು ನೇರ ದಾರಿ.

ಓವರ್‌ಲೋಡ್ ರಿಲೇ ಮತ್ತೆ ಮತ್ತೆ ಬೀಳುತ್ತಿದ್ದರೆ ಅದರ ಸೆಟ್ಟಿಂಗ್ ಏರಿಸಬೇಡಿ. ಮೋಟರ್ ಉಳಿಸಲೆಂದೇ ಅದು ಬೀಳುತ್ತಿದೆ. ಎಲೆಕ್ಟ್ರಿಷಿಯನ್ ಬಳಿ ಇನ್ಸುಲೇಷನ್ ಅಳೆಯುವ ಮೆಗ್ಗರ್ ಇರುತ್ತದೆ. ಮೋಟರ್ ಎತ್ತದೆಯೇ ಮೇಲಿನ ಕೇಬಲ್ ತುದಿಯಲ್ಲಿ ಪರೀಕ್ಷೆ ಮಾಡಿಸಿ. ಇನ್ಸುಲೇಷನ್ 1 ಮೆಗಾಓಮ್‌ಗಿಂತ ಕೆಳಗಿದ್ದರೆ ಕೇಬಲ್ ಜಾಯಿಂಟಿಗೋ ವೈಂಡಿಂಗ್‌ಗೋ ನೀರು ಸೇರಿದೆ, ಎತ್ತಿಸಲೇಬೇಕು.

ಲಕ್ಷಣ: ಮೋಟರ್ ಓಡುತ್ತದೆ, ಶುರುವಿನಿಂದಲೇ ನೀರು ಕಡಿಮೆ

ಮೊದಲ ಪ್ರಶ್ನೆ: ಇದು ಯಾವಾಗ ಶುರುವಾಯಿತು? ಟಿಸಿ ಬದಲಿಸಿದ, ಲೈನ್ ಕೆಲಸ ನಡೆದ ಅಥವಾ ಕೇಬಲ್ ಜಾಯಿಂಟ್ ಹಾಕಿದ ಮರುದಿನದಿಂದಲೇ ಆದರೆ ಫೇಸ್ ಅದಲುಬದಲಾಗಿ ಮೋಟರ್ ಹಿಂದುಮುಂದಾಗಿ ತಿರುಗುತ್ತಿರಬಹುದು. ಉಲ್ಟಾ ತಿರುಗಿದರೂ ಪಂಪು ಒಂದಿಷ್ಟು ನೀರು ಎತ್ತುತ್ತದೆ, ಹಾಗಾಗಿ ಯಾರಿಗೂ ಅನುಮಾನ ಬರುವುದಿಲ್ಲ. ಸ್ಟಾರ್ಟರ್‌ನಿಂದ ಮೋಟರ್‌ಗೆ ಹೋಗುವ ಮೂರು ವೈರುಗಳಲ್ಲಿ ಯಾವುದಾದರೂ ಎರಡನ್ನು ಎಲೆಕ್ಟ್ರಿಷಿಯನ್ ಕೈಯಲ್ಲಿ ಅದಲುಬದಲು ಮಾಡಿಸಿ ಡ್ರಮ್ ಅಳೆಯಿರಿ. ಹೆಚ್ಚು ನೀರು ಬಂದದ್ದೇ ಸರಿಯಾದ ದಿಕ್ಕು. ಇಷ್ಟು ಸಣ್ಣ ಕೆಲಸ ಮಾಡಿಸದೆ ಪಂಪು ಎತ್ತಿಸುವುದು ವ್ಯರ್ಥ ಖರ್ಚು.

ಎರಡನೆಯದಕ್ಕೆ ಕಿವಿ ಸಾಕು. ಮೋಟರ್ ಓಡುತ್ತಿರುವಾಗ ಕೇಸಿಂಗ್ (ಬೋರಿನ ಮೇಲ್ಭಾಗಕ್ಕೆ ಇಳಿಸಿದ ಹೊರ ಕೊಳವೆ) ಬಾಯಿಯ ಹತ್ತಿರ ಕೂತು ಆಲಿಸಿ. ಒಳಗೆ ನೀರು ಚಿಮ್ಮಿ ಬೀಳುವ ಸದ್ದಿದ್ದರೆ ಪೈಪು ಎಲ್ಲೋ ತೂತಾಗಿದೆ ಅಥವಾ ಸಾಕೆಟ್ ಸಡಿಲವಾಗಿದೆ. ಪಂಪು ಎತ್ತಿದ ನೀರು ಅರ್ಧ ದಾರಿಯಲ್ಲೇ ಬೋರಿಗೆ ವಾಪಸು ಸುರಿಯುತ್ತಿದೆ. ಮೋಟರ್ ಆರಿಸಿ ಮತ್ತೆ ಹಾಕಿದಾಗ ನೀರು ಮೇಲೆ ಬರಲು ಮೊದಲಿಗಿಂತ ಬಹಳ ಹೊತ್ತು ಹಿಡಿಯುತ್ತಿದ್ದರೆ ನೀರು ಹಿಂದಕ್ಕೆ ಇಳಿಯದಂತೆ ತಡೆಯುವ ವಾಲ್ವ್ (ಎನ್‌ಆರ್‌ವಿ) ಹಿಡಿಯುತ್ತಿಲ್ಲ, ಪೈಪಿನ ನೀರೆಲ್ಲ ಕೆಳಗಿಳಿದುಹೋಗುತ್ತಿದೆ.

ಮೂರನೆಯದು ಟಾಂಗ್ ಟೆಸ್ಟರ್, ವೈರಿಗೆ ಸುತ್ತ ಹಿಡಿದು ಕರೆಂಟ್ ಅಳೆಯುವ ಮೀಟರ್. ಮೋಟರ್ ತಗಡಿನ ಮೇಲೆ ಬರೆದ ಆಂಪಿಯರ್‌ಗೆ ಹೋಲಿಸಿ ನೋಡಿ. ಆಂಪಿಯರ್ ಸರಿಯಿದ್ದು ನೀರು ಕಡಿಮೆಯಿದ್ದರೆ ಪೈಪು ಸೋರಿಕೆಯ ಅನುಮಾನ ಗಟ್ಟಿಯಾಗುತ್ತದೆ. ಆಂಪಿಯರ್ ತೀರಾ ಕಡಿಮೆಯಿದ್ದು ನೀರೇ ಇಲ್ಲದಿದ್ದರೆ ಪಂಪಿನ ಬಳಿ ನೀರಿಲ್ಲ, ಇಲ್ಲವೇ ಶಾಫ್ಟ್ ಅಥವಾ ಕಪ್ಲಿಂಗ್ ಮುರಿದು ಮೋಟರ್ ಬರಿದೇ ತಿರುಗುತ್ತಿದೆ. ಹೆಚ್ಚಿದ್ದರೆ ಮರಳು ಸಿಕ್ಕಿ ಜಾಮ್ ಆಗಿರಬಹುದು, ಬುಶ್ ಹೋಗಿರಬಹುದು. ಮೂರು ವೈರುಗಳಲ್ಲಿ ಒಂದೊಂದು ಒಂದೊಂದು ತೋರಿಸಿದರೆ ತೊಂದರೆ ಲೈನಿನದ್ದೋ ವೈಂಡಿಂಗ್‌ನದ್ದೋ.

ಇದ್ಯಾವುದೂ ಅಲ್ಲವೆಂದಾದರೆ ಉಳಿಯುವುದು ಇಂಪೆಲ್ಲರ್ (ಪಂಪಿನೊಳಗೆ ತಿರುಗಿ ನೀರು ತಳ್ಳುವ ಚಕ್ರ) ಸವೆತ. ಅದಕ್ಕೆ ಪಂಪು ಎತ್ತಿಸಬೇಕು. ಇಪ್ಪತ್ತಡಿಯ ಕಬ್ಬಿಣದ ಪೈಪು ಮೇಲೆದ್ದಾಗ ತಂತಿಗೆ ತಗುಲಿ ಜೀವ ಹೋದ ಉದಾಹರಣೆಗಳಿವೆ. ಬೋರಿನ ಮೇಲೆ ಲೈನ್ ಹಾದುಹೋಗಿದ್ದರೆ ಕರೆಂಟ್ ತೆಗೆಸದೆ ಶುರುಮಾಡಿಸಬೇಡಿ. ಪಂಪು ಹೊರಗಿರುವಷ್ಟು ಹೊತ್ತೂ ಕೇಸಿಂಗ್ ಬಾಯಿ ಮುಚ್ಚಿರಲಿ. ಒಂದು ಸ್ಪ್ಯಾನರ್ ಒಳಗೆ ಬಿದ್ದರೂ ಬೋರ್ ಕೆಡಬಹುದು. ಎತ್ತಿದ ಪೈಪುಗಳಲ್ಲಿ ಎಷ್ಟನೆಯದರವರೆಗೆ ಒದ್ದೆಯ ಗುರುತಿದೆ ಎಂದು ಎಣಿಸಿಟ್ಟುಕೊಳ್ಳಿ, ನೀರಿನ ಮಟ್ಟದ ಅಂದಾಜು ಪುಕ್ಕಟೆಯಾಗಿ ಸಿಗುತ್ತದೆ. ಮತ್ತೆ ಬಿಡುವಾಗ ಜೊತೆಗೊಂದು ಅರ್ಧ ಇಂಚಿನ ಪ್ಲಾಸ್ಟಿಕ್ ಪೈಪ್ ಇಳಿಸಿದರೆ, ಮುಂದೆ ದಾರಕ್ಕೆ ತೂಕ ಕಟ್ಟಿ ಅದರೊಳಗೆ ಬಿಟ್ಟು ಯಾವಾಗ ಬೇಕಾದರೂ ಮಟ್ಟ ಅಳೆಯಬಹುದು.

ಲಕ್ಷಣ: ಶುರುವಿನಲ್ಲಿ ಜೋರು, ಆಮೇಲೆ ಗಾಳಿ ಹೊಡೆಯುತ್ತದೆ

ನೀರಿನ ಜೊತೆ ಗಾಳಿ ಸೇರಿ ಪೈಪು ಕೆಮ್ಮಿದಂತೆ ಉಗುಳುತ್ತದೆ, ಆಂಪಿಯರ್ ಮುಳ್ಳು ಏರಿಳಿಯುತ್ತದೆ. ನಿಜವಾದ ನೀರಿನ ಕೊರತೆಯ ಗುರುತು ಇದೇ. ಮೊದಲು ಮೋಟರ್ ನಿಲ್ಲಿಸಿ. ಸಬ್‌ಮರ್ಸಿಬಲ್ ಮೋಟರ್ ತಣ್ಣಗಿರುವುದೂ ಅದರ ಬುಶ್‌ಗಳು ಉಳಿಯುವುದೂ ನೀರಿನಿಂದಲೇ. ಡ್ರೈ ರನ್, ಅಂದರೆ ನೀರಿಲ್ಲದೆ ಓಡುವುದನ್ನು ತಡೆಯುವ ರಿಲೇ ಇಲ್ಲದಿದ್ದರೆ ಹಾಕಿಸಿ, ರೀವೈಂಡಿಂಗ್‌ಗಿಂತ ಅಗ್ಗ.

ಬಯಲುಸೀಮೆಯ ಕೆಳಗಿರುವುದು ಗಟ್ಟಿ ಬಂಡೆ, ಬಹುಪಾಲು ನೈಸ್ ಮತ್ತು ಗ್ರಾನೈಟ್. ಮೇಲಿನ ಶಿಥಿಲ ಪದರ ಒಣಗಿದ ಮೇಲೆ ನೀರಿರುವುದು ಬಂಡೆಯ ಬಿರುಕುಗಳಲ್ಲಿ ಮಾತ್ರ, ಬೋರ್ ಲಾರಿಯವರು ಗ್ಯಾಪ್ ಎನ್ನುವುದು ಇದನ್ನೇ. ಆ ಗ್ಯಾಪ್‌ನಿಂದ ಗಂಟೆಗೆ ಬರುವಷ್ಟೇ ನಿಮ್ಮ ಆದಾಯ, ಕೊಳವೆಯೊಳಗೆ ನಿಂತ ನೀರು ಬರೀ ಕೈಗಾವಲು.

ಇಲ್ಲಿ ಹೆಚ್ಚಿನವರು ಕೇಳುವ ಸಲಹೆ "ಇನ್ನೊಂದು ನೂರಡಿ ಪಂಪು ಇಳಿಸಿ" ಎಂಬುದು. ಲೆಕ್ಕ ಹಾಕಿ ನೋಡಿ: ಆರೂವರೆ ಇಂಚಿನ ಬೋರಿನ ನೂರು ಅಡಿಯಲ್ಲಿ ಹಿಡಿಯುವ ನೀರು ಸುಮಾರು 650 ಲೀಟರ್, ಮೂರು ಡ್ರಮ್ಮಿಗೆ ತುಸು ಹೆಚ್ಚು. ಇಳಿಸಿದ ನೂರಡಿಯೊಳಗೆ ಬೇರೆ ಗ್ಯಾಪ್ ಇದ್ದರೆ ಮಾತ್ರ ನಿಜವಾದ ಲಾಭ, ಇಲ್ಲವೆಂದರೆ ಪ್ರತಿ ಸಲ ಮೂರು ಡ್ರಮ್ ಹೆಚ್ಚು ಸಿಗುತ್ತದೆ ಅಷ್ಟೇ. ಕೊರೆಸುವಾಗ ಯಾವ ಯಾವ ಅಡಿಯಲ್ಲಿ ನೀರು ಸಿಕ್ಕಿತು ಎಂದು ಬರೆದಿಟ್ಟವರಿಗೆ ಈ ಪ್ರಶ್ನೆಗೆ ಉತ್ತರ ಗೊತ್ತಿರುತ್ತದೆ. ಗ್ಯಾಪ್‌ಗಿಂತ ಬಹಳ ಕೆಳಗೆ ಮೋಟರ್ ಕೂರಿಸಿದರೆ ಮೇಲಿಂದ ಬೀಳುವ ನೀರು ಮೋಟರ್‌ನ ಮೈ ಸವರದೆ ನೇರ ಪಂಪಿಗೆ ಹೋಗಿ, ಮೋಟರ್ ಕಾದುಹೋಗುವ ಅಪಾಯವೂ ಇದೆ.

ಬದಲಿಗೆ ಬೋರಿನ ಶಕ್ತಿ ಅಳೆಯಿರಿ. ಗಾಳಿ ಬರುವವರೆಗೆ ಎಷ್ಟು ನಿಮಿಷ ಓಡಿತು, ಒಂದು ಗಂಟೆ ಬಿಟ್ಟು ಹಾಕಿದರೆ ಎಷ್ಟು, ಎರಡು ಗಂಟೆ ಬಿಟ್ಟರೆ ಎಷ್ಟು ಎಂದು ಬರೆಯಿರಿ. ಡೆಲಿವರಿ ಕಡೆಯ ಗೇಟ್ ವಾಲ್ವನ್ನು ಸ್ವಲ್ಪ ಸ್ವಲ್ಪವೇ ಮುಚ್ಚುತ್ತಾ, ಯಾವ ಹಂತದಲ್ಲಿ ಗಾಳಿಯಿಲ್ಲದೆ ಸತತವಾಗಿ ಓಡುತ್ತದೆ ಎಂದು ನೋಡಿ. ಎಷ್ಟೋ ಬೋರ್‌ಗಳಲ್ಲಿ ತೊಂದರೆ ಬೋರಿನದ್ದಲ್ಲ, ಅದರ ಶಕ್ತಿಗೆ ಮೀರಿದ ಎಚ್‌ಪಿಯದ್ದು. ಪಕ್ಕದ ತೋಟದ ಮೋಟರ್ ನಿಂತ ದಿನ ನಿಮ್ಮಲ್ಲಿ ನೀರು ಹೆಚ್ಚುತ್ತದೆಯೇ ಎಂದೂ ಗಮನಿಸಿ. ಹೆಚ್ಚಿದರೆ ಇಬ್ಬರೂ ಒಂದೇ ಬಿರುಕಿನಿಂದ ಎಳೆಯುತ್ತಿದ್ದೀರಿ. ಸರದಿ ಹಾಕಿಕೊಂಡರೆ ಇಬ್ಬರಿಗೂ ಉಳಿಗಾಲ. ಪೈಪೋಟಿಗೆ ಬಿದ್ದು ಅವರಿಗಿಂತ ಆಳಕ್ಕೆ ಹೋದರೆ ನಾಳೆ ಅವರು ನಿಮಗಿಂತ ಆಳಕ್ಕೆ ಹೋಗುತ್ತಾರೆ.

ಆಮೇಲೆ ಬೆಳೆಯ ಲೆಕ್ಕ. ಒಂದು ಎಕರೆಗೆ 1 ಮಿಲಿಮೀಟರ್ ನೀರೆಂದರೆ ಸುಮಾರು 4,000 ಲೀಟರ್. ದಿನಕ್ಕೆ ಸಿಗುವ ಏಳು ಗಂಟೆ ತ್ರೀಫೇಸ್‌ನಲ್ಲಿ ಎರಡು ಇಂಚು ನೀರು ಕೊಡುವುದು ಸುಮಾರು 20,000 ಲೀಟರ್, ಅಂದರೆ ಒಂದು ಎಕರೆಗೆ 5 ಮಿಲಿಮೀಟರ್. ಏಪ್ರಿಲ್ ಬಿಸಿಲಿನಲ್ಲಿ ತುಂಬಿ ಬೆಳೆದ ಒಂದು ಎಕರೆಗೆ ಅದು ಸರಿಹೋಗುತ್ತದೆ. ಇಷ್ಟೇ ನೀರಿನಲ್ಲಿ ಮೂರು ಎಕರೆ ಟೊಮೆಟೊ ಇಟ್ಟಿದ್ದರೆ ದೋಷ ನಾಟಿಯ ದಿನವೇ ಆಗಿದೆ. ಒಂದು ಎಕರೆಯನ್ನಾದರೂ ಪೂರ್ತಿ ಉಳಿಸಿಕೊಳ್ಳಿ. ಮೂರಕ್ಕೂ ಅರೆಹೊಟ್ಟೆ ನೀರು ಕೊಟ್ಟು ಮೂರನ್ನೂ ಕಳೆದುಕೊಳ್ಳುವುದನ್ನು ನೋಡಿದರೆ ಹೊಟ್ಟೆ ಉರಿಯುತ್ತದೆ.

ಲಕ್ಷಣ: ಬೋರಿನ ಬಳಿ ನೀರು ಚೆನ್ನಾಗಿದೆ, ಸಾಲಿನ ಕೊನೆಗೆ ತಲುಪುತ್ತಿಲ್ಲ

ಡ್ರಿಪ್ ಫಿಲ್ಟರ್ ಬಿಚ್ಚಿ ತೊಳೆಯಿರಿ, ಆಮೇಲೆ ಉಳಿದದ್ದು. ಫಿಲ್ಟರ್‌ನ ಎರಡೂ ಕಡೆ ಪ್ರೆಷರ್ ಗೇಜ್ ಇದ್ದರೆ ವ್ಯತ್ಯಾಸವೇ ಹೇಳುತ್ತದೆ. ನಂತರ ಸಬ್‌ಮೇನ್ (ಸಾಲುಗಳಿಗೆ ನೀರು ಹಂಚುವ ಪೈಪು) ತುದಿ ಬಿಚ್ಚಿ ಕೆಸರು ಹೋಗುವವರೆಗೆ ನೀರು ಬಿಡಿ, ಲ್ಯಾಟರಲ್‌ಗಳ (ಸಾಲಿನಲ್ಲಿ ಹಾಸಿದ ಡ್ರಿಪ್ ಪೈಪುಗಳು) ಕೊನೆಯ ಮಡಿಕೆ ಬಿಚ್ಚಿ ಅವುಗಳನ್ನೂ ತೊಳೆಯಿರಿ. ಗಂಟೆಗೆ 4 ಲೀಟರ್‌ನ ಡ್ರಿಪ್ಪರ್ ಕೆಳಗೆ ಬಾಟಲಿ ಇಟ್ಟರೆ 15 ನಿಮಿಷಕ್ಕೆ ಒಂದು ಲೀಟರ್ ತುಂಬಬೇಕು. ಸಾಲಿನ ಮೊದಲು, ನಡು, ಕೊನೆ ಮೂರೂ ಕಡೆ ಇಟ್ಟು ನೋಡಿ.

ಡ್ರಿಪ್ಪರ್ ಬಾಯಲ್ಲಿ ಬಿಳಿ ಹೊಪ್ಪಳೆ ಕಂಡರೆ ಅದು ಸುಣ್ಣದಂಶ, ಆಸಿಡ್ ಉಪಚಾರಕ್ಕೆ ಬಗ್ಗುತ್ತದೆ. ಕೆಂಪು ಕಂದು ಲೋಳೆಯಾದರೆ ಕಬ್ಬಿಣದಂಶ, ಅದು ಬೇರೆಯೇ ಕಾಯಿಲೆ. ಆಸಿಡ್ ಪ್ರಮಾಣವನ್ನು ನೀರಿನ ಪರೀಕ್ಷೆ ಮಾಡಿಸಿ ಕೃಷಿ ವಿಜ್ಞಾನ ಕೇಂದ್ರದವರಿಂದಲೇ ಕೇಳಿ ತಿಳಿಯಿರಿ. ಬೆರೆಸುವಾಗ ನೀರಿಗೆ ಆಸಿಡ್ ಹಾಕಬೇಕು, ಆಸಿಡ್‌ಗೆ ನೀರು ಹಾಕಬಾರದು, ಸಿಡಿದು ಮುಖ ಸುಡುತ್ತದೆ. ಬ್ಲೀಚಿಂಗ್ ಪುಡಿಯ ಜೊತೆ ಸೇರಿದರೆ ವಿಷಾನಿಲ ಬರುತ್ತದೆ, ಎರಡನ್ನೂ ಒಂದೇ ದಿನ ಬಳಸಬೇಡಿ.

ಲಕ್ಷಣ: ನೀರು ಕೊಟ್ಟರೂ ಗಿಡ ಬಾಡುತ್ತಿದೆ

ಮಧ್ಯಾಹ್ನ ಜೋತು ಸಂಜೆಗೆ ಚೇತರಿಸಿಕೊಂಡರೆ ಬಿಸಿಲಿನದ್ದು, ಹೆದರಬೇಡಿ. ಬೆಳಿಗ್ಗೆಯೇ ಬಾಡಿದ್ದರೆ ಬುಡದ ಪಕ್ಕ ಒಂದಡಿ ತೋಡಿ. ಮಣ್ಣು ಒಣಗಿದ್ದರೆ ನೀರು ಸಾಲದು. ಹಸಿಯಾಗಿದ್ದೂ ಬಾಡಿದ್ದರೆ ರೋಗ. ಟೊಮೆಟೊ, ಬದನೆಯಾದರೆ ಕಾಂಡ ಕತ್ತರಿಸಿ ಗಾಜಿನ ಲೋಟದ ತಿಳಿನೀರಿನಲ್ಲಿ ಹಿಡಿಯಿರಿ. ಬಿಳಿ ಹಾಲಿನಂಥ ಎಳೆ ಇಳಿದರೆ ಅದು ದುಂಡಾಣು ಸೊರಗು ರೋಗ. ಅಂಥ ಗಿಡಕ್ಕೆ ಸುರಿದ ನೀರು ದಂಡ, ರೋಗವೂ ಹರಡುತ್ತದೆ.

ಲಕ್ಷಣ: ನೀರಿನಲ್ಲಿ ಕೆಸರು, ಮರಳು

ಮಳೆ ಬಂದ ಮರುದಿನ ಮಾತ್ರ ಕೆಂಪಾದರೆ ಕೇಸಿಂಗ್ ಗಟ್ಟಿ ಬಂಡೆಯಲ್ಲಿ ಸರಿಯಾಗಿ ಕೂತಿಲ್ಲ, ಮೇಲಿನ ಮಣ್ಣು ಇಳಿಯುತ್ತಿದೆ. ಸದಾ ಮರಳು ಬರುತ್ತಿದ್ದರೆ ಇಂಪೆಲ್ಲರ್ ಸವೆಯುವ ಮುಂಚೆ ಬೋರಿನ ಫ್ಲಶಿಂಗ್ (ಗಾಳಿಯ ಒತ್ತಡದಿಂದ ತೊಳೆಯುವುದು) ಮಾಡಿಸಿ. ಕುಡಿಯುವುದಕ್ಕೆ ಈ ನೀರು ಬೇಡ.

ಹಳೆಯ ತೆರೆದ ಬಾವಿಯ ಹೂಳು ನೋಡಲು ಇಳಿಯುವವರಿಗೆ ಒಂದು ಮಾತು: ಪಾಳು ಬಾವಿಯ ತಳದಲ್ಲಿ ಕೆಟ್ಟ ಗಾಳಿ ನಿಂತಿರುತ್ತದೆ. ಒಬ್ಬರು ಬಿದ್ದರೆಂದು ಇನ್ನೊಬ್ಬರು ಇಳಿದು ಇಬ್ಬರೂ ಹೋಗುತ್ತಾರೆ. ಇಳಿಯಬೇಡಿ, ಅಗ್ನಿಶಾಮಕ ದಳವನ್ನು ಕರೆಯಿರಿ.

ಲಕ್ಷಣ: ಕೃಷಿ ಹೊಂಡ ಬೇಗ ಖಾಲಿಯಾಗುತ್ತಿದೆ

ಸೋರಿಕೆಯೋ ಬಿಸಿಲೋ ಎಂದು ಒಂದು ಬಕೆಟ್‌ನಿಂದ ತಿಳಿಯಬಹುದು. ಬಕೆಟ್‌ಗೆ ಹೊಂಡದ ನೀರು ತುಂಬಿ, ಅಲುಗದಂತೆ ಹೊಂಡದ ಅಂಚಿನ ನೀರಿನಲ್ಲೇ ನಿಲ್ಲಿಸಿ, ಒಳಗೂ ಹೊರಗೂ ಗುರುತು ಹಾಕಿ. ಎರಡು ದಿನ ನೀರು ಎತ್ತದೆ ನೋಡಿ. ಎರಡೂ ಸಮನಾಗಿ ಇಳಿದಿದ್ದರೆ ಅದು ಆವಿ, ನೆರಳು ಬಲೆ ಹೊದಿಸಿ. ಹೊರಗಿನದು ಹೆಚ್ಚು ಇಳಿದಿದ್ದರೆ ಹೊಂಡಕ್ಕೆ ಹಾಸಿದ ಪ್ಲಾಸ್ಟಿಕ್ ಹಾಳೆ ಹರಿದಿದೆ. ಇಳಿಯುತ್ತಾ ಇಳಿಯುತ್ತಾ ಒಂದು ಮಟ್ಟಕ್ಕೆ ಬಂದು ನಿಂತರೆ ತೂತು ಆ ಮಟ್ಟದಲ್ಲೇ ಇದೆ, ಅಲ್ಲಿಯೇ ಹುಡುಕಿ. ಹಾಳೆ ಪಾಚಿ ಕಟ್ಟಿ ಜಾರುತ್ತದೆ, ಈಜು ಬಲ್ಲವರಿಗೂ ಹತ್ತಿ ಬರಲಾಗದು. ಸುತ್ತ ಬೇಲಿ, ಒಳಗೆ ಗಂಟು ಹಾಕಿದ ಹಗ್ಗ ಇರಲೇಬೇಕು.

ಎಲ್ಲವನ್ನೂ ನೋಡಿದ ಮೇಲೂ ಬೋರೇ ಬತ್ತಿದೆ ಎಂದಾದರೆ

ಹೊಸದಕ್ಕೆ ಮುಂಚೆ ಇರುವುದಕ್ಕೆ ನೀರು ತುಂಬಿಸುವ ದಾರಿ ನೋಡಿ. ಒಂದು ಎಕರೆಯ ಮೇಲೆ 25 ಮಿಲಿಮೀಟರ್ ಮಳೆ ಬಿದ್ದರೆ ಸುಮಾರು ಒಂದು ಲಕ್ಷ ಲೀಟರ್. ಅದರಲ್ಲಿ ಹರಿದುಹೋಗುವ ಪಾಲನ್ನು ಬದು, ಕಂದಕದಲ್ಲಿ ನಿಲ್ಲಿಸಿ, ಬೋರಿನ ಸುತ್ತ ಹತ್ತಡಿ ಉದ್ದ, ಅಗಲ, ಆಳದ ಗುಂಡಿಯಲ್ಲಿ ದಪ್ಪ ಕಲ್ಲು, ಜಲ್ಲಿ, ಮರಳು ತುಂಬಿ ಸೋಸಿ ಇಳಿಸಬಹುದು. ಗೊಬ್ಬರ, ಔಷಧಿ ಹೊಡೆದ ಹೊಲದ ನೀರನ್ನಾಗಲಿ ಕೊಟ್ಟಿಗೆಯ ನೀರನ್ನಾಗಲಿ ಇದಕ್ಕೆ ಬಿಡಬಾರದು, ಒಮ್ಮೆ ಬಿರುಕಿಗಿಳಿದ ವಿಷ ಊರಿನ ಬೋರ್‌ಗಳಿಗೂ ಸೇರುತ್ತದೆ. 2018ರಿಂದ ಕೆ.ಸಿ. ವ್ಯಾಲಿ ಯೋಜನೆಯಲ್ಲಿ ಬೆಂಗಳೂರಿನ ಕೊಳಚೆಯನ್ನು ಶುದ್ಧಗೊಳಿಸಿದ ನೀರು ಕೋಲಾರದ ಕೆರೆಗಳಿಗೆ ಹರಿದಾಗ ಸುತ್ತಲಿನ ಬೋರ್‌ಗಳ ಮಟ್ಟ ಏರಿದ್ದನ್ನು ಅಲ್ಲಿನ ರೈತರು ಕಣ್ಣಾರೆ ಕಂಡಿದ್ದಾರೆ. ಕೆರೆಯಂಗಳ ತುಂಬಿದರೆ ಬಂಡೆಯ ಬಿರುಕೂ ತುಂಬುತ್ತದೆ, ಆದರೆ ಒಂದೇ ಮಳೆಗಾಲದಲ್ಲಿ ಪವಾಡ ನಿರೀಕ್ಷಿಸಬೇಡಿ.

ಕೊರೆಸಲೇಬೇಕೆಂದರೆ ಭೂವಿಜ್ಞಾನಿಯಿಂದ ಸ್ಥಳ ನೋಡಿಸಿ. ಜಿಲ್ಲೆಯ ಅಂತರ್ಜಲ ಕಚೇರಿಯಲ್ಲಿ ವಿಚಾರಿಸಿದರೆ, ಅಧಿಸೂಚಿತ ತಾಲ್ಲೂಕಾದರೆ 2011ರ ಅಂತರ್ಜಲ ಕಾಯ್ದೆಯಡಿ ಬೇಕಾದ ಅನುಮತಿಯ ವಿಷಯವೂ ತಿಳಿಯುತ್ತದೆ. ಅಂಗೈ ಮೇಲಿನ ತೆಂಗಿನಕಾಯಿ ಎದ್ದು ನಿಂತಿತು, ಅಲ್ಲಿ ನೀರಿದೆ ಎಂದು ನಂಬಿ ಸಾಲ ಮಾಡಬೇಡಿ. ಆಳದ ನೀರು ಸಿಕ್ಕರೆ ಕುಡಿಯುವ ಮುಂಚೆ ಫ್ಲೋರೈಡ್ ಪರೀಕ್ಷೆ ಮಾಡಿಸಿ, ಪಾವಗಡ, ಬಾಗೇಪಲ್ಲಿಯ ಕಡೆ ಇದು ಹಳೆಯ ಸಂಕಟ. ಲೀಟರ್‌ಗೆ 1.5 ಮಿಲಿಗ್ರಾಂ ಮೀರಿದ್ದರೆ ಕುಡಿಯಲು ಬೇರೆ ನೀರು ಬೇಕು. ಕುದಿಸಿದರೆ ಫ್ಲೋರೈಡ್ ಹೋಗುವುದಿಲ್ಲ.

ಕೈಬಿಟ್ಟ ಬೋರನ್ನು ಅದೇ ದಿನ ಮುಚ್ಚಿ. 2024ರ ಏಪ್ರಿಲ್‌ನಲ್ಲಿ ವಿಜಯಪುರ ಜಿಲ್ಲೆಯ ಇಂಡಿ ತಾಲ್ಲೂಕಿನಲ್ಲಿ ಎರಡು ವರ್ಷದ ಮಗು ಬಿದ್ದು ಸುಮಾರು ಇಪ್ಪತ್ತು ಗಂಟೆಗಳ ಬಳಿಕ ಜೀವಂತವಾಗಿ ಮೇಲೆ ಬಂತು, ಎಲ್ಲ ಮಕ್ಕಳಿಗೂ ಆ ಅದೃಷ್ಟ ಇರಲಿಲ್ಲ. ಸುಪ್ರೀಂ ಕೋರ್ಟ್ 2010ರಲ್ಲೇ ಇದಕ್ಕೆ ಸ್ಪಷ್ಟ ಸೂಚನೆ ಕೊಟ್ಟಿದೆ. ಗೋಣಿಚೀಲ, ಚಪ್ಪಡಿ ಕಲ್ಲು ಸಾಲದು. ಮತ್ತೆ ಬಳಸುವ ಆಸೆಯಿದ್ದರೆ ಕೇಸಿಂಗ್ ಬಾಯಿಗೆ ಕಬ್ಬಿಣದ ತಗಡು ವೆಲ್ಡ್ ಮಾಡಿಸಿ ಅಥವಾ ಬೋಲ್ಟ್ ಹಾಕಿಸಿ. ಬಳಸುವುದೇ ಇಲ್ಲವೆಂದರೆ ಕೇಸಿಂಗ್ ಕೀಳಿಸುವ ಮುಂಚೆಯೇ ತಳದಿಂದ ನೆಲಮಟ್ಟದವರೆಗೆ ಮಣ್ಣು, ಕಲ್ಲು ತುಂಬಿಸಿ, ಲಾರಿ ಅಲ್ಲಿಂದ ಹೊರಡುವ ಮುಂಚೆ ನೀವೇ ನಿಂತು ನೋಡಿ.